ರೈಲಿಲ್ಲದ ಊರಿನ ಹಸಿರು ಬಾವುಟ

ನಮ್ಮ ಮನೆಯ ಉಪ್ಪಿನಕಾಯಿ ಜಾಡಿಯ ಬಾಯಿಗೆ ಒಂದು ಹಸಿರು ಬಟ್ಟೆ ಕಟ್ಟಿದೆ. ಹಸಿರು ಎಂದು ನಾನು ಹೇಳಬೇಕು, ನೀವು ನಂಬಬೇಕು. ನೋಡಿದವರಿಗೆ ಹಾಗೆ ಕಾಣುವುದಿಲ್ಲ. ಒಂದು ಮೂಲೆಯಲ್ಲಿ ಎಣ್ಣೆ ಕಲೆ, ಇನ್ನೊಂದು ಮೂಲೆಯಲ್ಲಿ ಅರಿಸಿನ, ಒಂದು ಅಂಚಿನಲ್ಲಿ ಕೋಲು ತೂರಿಸಲು ಹೊಲಿದ ಮಡಿಕೆ. ಮೊನ್ನೆ ಜಾಡಿ ತೊಳೆಯಲು ಇಳಿಸಿದ ನನ್ನ ಸೊಸೆ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ಅತ್ತೆ, ಇದನ್ನ ಎಸೆದುಬುಡ್ಲಾ? ಮಸಿಬಟ್ಟೆಗೂ ಲಾಯಕ್ಕಿಲ್ಲ" ಅಂದಳು.

"ಎಸೀಬ್ಯಾಡ ಕಣಮ್ಮ, ಅದು ಸರ್ಕಾರದ್ದು" ಅಂದೆ.

ಅವಳು ಬಟ್ಟೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ನನ್ನ ವಯಸ್ಸಿನವರು ಇಂಥ ಮಾತಾಡಿದರೆ ಮನೆಯವರು ಡಾಕ್ಟರ ಹೆಸರು ನೆನಪು ಮಾಡಿಕೊಳ್ಳುತ್ತಾರೆ. ಅದಕ್ಕೇ ವಿಷಯವನ್ನು ಅವಳಿಗೆ ಹೇಳದೆ ನಿಮಗೆ ಹೇಳುತ್ತಿದ್ದೇನೆ. ಓದುವವರು ಹೆಚ್ಚೆಂದರೆ ಪುಸ್ತಕ ಮುಚ್ಚುತ್ತಾರೆ, ಡಾಕ್ಟರನ್ನು ಕರೆಸುವುದಿಲ್ಲ.

ನಮ್ಮಪ್ಪ ಮಳವಳ್ಳಿಯಲ್ಲಿ ರೈಲು ಇಲಾಖೆಯ ಕೆಲಸದಲ್ಲಿದ್ದ. ಆ ಕಡೆಯ ಪರಿಚಯವಿರುವ ಓದುಗರು ಈ ಮಾತಿಗೇ ತಡೆದು ನಿಂತಿರಬೇಕು. ಮಳವಳ್ಳಿಗೆ ರೈಲಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಸಂಬಂಧಪಟ್ಟವರ ಗಮನಕ್ಕೆ ಇರಲಿ ಎಂದಷ್ಟೇ. ರೈಲಿರಲಿಲ್ಲ, ಆದರೆ ರೈಲ್ವೆ ಆಫೀಸು ಇತ್ತು. ಆಗ ನಮ್ಮ ಸಂಸ್ಥಾನದಲ್ಲಿ ಸರ್ಕಾರವೇ ರೈಲು ಓಡಿಸುತ್ತಿತ್ತು. ಬೆಂಗಳೂರಿನಿಂದ ಹೊರಟ ಗಾಡಿ ಮದ್ದೂರು, ಮಂಡ್ಯ ಹಾದು ಮೈಸೂರಿಗೆ ಹೋಗುತ್ತಿತ್ತು. ಹಳಿಯಿಂದ ದೂರವಿದ್ದ ಊರಿನವರಿಗೂ ಅನುಕೂಲವಾಗಲಿ ಎಂದು ಇಲಾಖೆ ಅಲ್ಲಲ್ಲಿ ಔಟ್ ಏಜೆನ್ಸಿ ಎಂಬುದನ್ನು ಇಟ್ಟಿತ್ತು. ಅಂದರೆ, ಮಳವಳ್ಳಿಯಲ್ಲೇ ನೀವು ಮೈಸೂರಿನವರೆಗೆ ಟಿಕೆಟ್ಟು ತೆಗೆದುಕೊಳ್ಳಬಹುದು, ವೀಳ್ಯದೆಲೆ ಪಿಂಡಿಯನ್ನೋ ರೇಷ್ಮೆಗೂಡಿನ ಮೂಟೆಯನ್ನೋ ರೈಲಿಗೆ ಹಾಕಬಹುದು. ಏಜೆನ್ಸಿಯ ಬಸ್ಸು ನಿಮ್ಮನ್ನೂ ಮೂಟೆಯನ್ನೂ ಮದ್ದೂರು ಸ್ಟೇಷನ್ನಿಗೆ ಮುಟ್ಟಿಸುತ್ತದೆ. ಕಾಗದಪತ್ರದ ಲೆಕ್ಕದಲ್ಲಿ ಮಳವಳ್ಳಿಯೂ ಒಂದು ಸ್ಟೇಷನ್ನು. ಅಪ್ಪ ಅದರ ಏಜೆಂಟು. ಊರಿನವರು ಅವನನ್ನು ಟೇಸನ್ ಮಾಸ್ಟ್ರು ಅನ್ನುತ್ತಿದ್ದರು. ಮೊದಮೊದಲು ಇದು ತಮಾಷೆಗೆ ಶುರುವಾದದ್ದಂತೆ. ಅಪ್ಪ ತಮಾಷೆ ಎಂದು ತಿಳಿಯದೆ ಓಗೊಟ್ಟದ್ದರಿಂದ ಅದೇ ಹೆಸರಾಗಿ ನಿಂತಿತು.

ಮದ್ದೂರು ರಸ್ತೆಯಲ್ಲಿ ಒಂದು ಬೇವಿನ ಮರ, ಮರದ ಪಕ್ಕ ಹೆಂಚಿನ ಮನೆ. ಮುಂದಿನ ಕೋಣೆ ಸ್ಟೇಷನ್ನು, ಹಿಂದಿನ ಭಾಗ ನಮ್ಮ ಸಂಸಾರ. ನಡುವಿನ ಬಾಗಿಲಿನ ಮೇಲೆ ಅಪ್ಪ 'ಅಪ್ಪಣೆಯಿಲ್ಲದೆ ಒಳಗೆ ಬರಕೂಡದು' ಎಂದು ಬರೆದು ಅಂಟಿಸಿದ್ದ. ಬರಹ ಅಡುಗೆಮನೆಯ ಕಡೆಗೆ ಮುಖ ಮಾಡಿತ್ತು. ಅವ್ವನಿಗೆ ಓದಲು ಬರುತ್ತಿರಲಿಲ್ಲವಾದ್ದರಿಂದ ಏನೂ ತೊಂದರೆಯಾಗಲಿಲ್ಲ.

ಇಲಾಖೆಯವರು ಕಳಿಸಿದ ಸಾಮಾನುಗಳನ್ನು ನಾನು ಇವತ್ತಿಗೂ ಬಾಯಿಪಾಠ ಹೇಳಬಲ್ಲೆ: ಟೋಪಿ ಒಂದು, ಗೋಡೆ ಗಡಿಯಾರ ಒಂದು, ಟಿಕೆಟ್ಟಿಗೆ ತಾರೀಖು ಒತ್ತುವ ಯಂತ್ರ ಒಂದು, ತಕ್ಕಡಿ ಒಂದು, ದೀಪ ಒಂದು, ಬಾವುಟ ಎರಡು, ಅಂದರೆ ಒಂದು ಹಸಿರು ಒಂದು ಕೆಂಪು, ಮತ್ತು ಗಂಟೆಯ ಬದಲಿಗೆ ಬಾರಿಸಲು ರೈಲು ಕಂಬಿಯ ತುಂಡು ಒಂದು. ಈ ತುಂಡನ್ನು ಬೇವಿನ ಕೊಂಬೆಗೆ ನೇತುಹಾಕಿದ್ದರು. ಮಳವಳ್ಳಿಗೆ ಬಂದ ರೈಲು ಕಂಬಿ ಅದೊಂದೇ. ಎರಡು ಅಡಿ ಉದ್ದವಿತ್ತು.

ರೈಲಿಲ್ಲದ ಕಡೆ ಬಾವುಟ ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲ ಸ್ಟೇಷನ್ನಿಗೂ ಕಳಿಸುವ ಪಟ್ಟಿಯನ್ನೇ ಯಾರೋ ಗುಮಾಸ್ತರು ನಮಗೂ ಕಳಿಸಿದ್ದರೆಂದು ಕಾಣುತ್ತದೆ. ಆದರೆ ಅಪ್ಪನ ಸ್ವಭಾವ ನಿಮಗೆ ಗೊತ್ತಿಲ್ಲ. ಸರ್ಕಾರ ಒಂದು ವಸ್ತುವನ್ನು ಕಳಿಸಿದೆ ಎಂದ ಮೇಲೆ ಅದನ್ನು ಉಪಯೋಗಿಸದೆ ಇಡುವುದು ಅವನ ಮಟ್ಟಿಗೆ ಕದ್ದ ಹಾಗೆ. ಆದ್ದರಿಂದ ಅವನು ಬಸ್ಸಿಗೆ ಹಸಿರು ಬಾವುಟ ತೋರಿಸಲು ಶುರುಮಾಡಿದ. ದಿನಕ್ಕೆರಡು ಸಲ, ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ. ಮೊದಲು ಕಂಬಿಗೆ ಎರಡೇಟು, ಆಮೇಲೆ ಬಾವುಟ. ಕೆಂಪಿಗೆ ಕೆಲಸವೇ ಇರಲಿಲ್ಲ. ಮಳವಳ್ಳಿಯಲ್ಲಿ ನಿಲ್ಲಿಸಬೇಕಾದ್ದು ಏನಿತ್ತು? ಬಸ್ಸು ತಾನಾಗಿಯೇ ನಿಲ್ಲುತ್ತಿತ್ತು, ಕೆಲವು ಸಲ ಊರು ಸಿಕ್ಕುವ ಮೊದಲೇ. ಅಪ್ಪ ಶನಿವಾರಕ್ಕೊಮ್ಮೆ ಕೆಂಪನ್ನು ಬಿಸಿಲಿಗೆ ಹರವಿ, ಮಡಿಸಿ, ಒಳಗಿಡುತ್ತಿದ್ದ.

ಇನ್ನು ಪ್ಲಾಟ್‌ಫಾರ್ಮು. ಅದನ್ನು ಇಲಾಖೆ ಕೊಡಲಿಲ್ಲ, ಅಪ್ಪನೇ ಕಲ್ಲು ಹೊರಿಸಿ ಮನೆಯ ಮುಂದೆ ಕಟ್ಟಿಸಿದ. ಮದ್ದೂರಿಗೆ ಹೋಗಿ ಅಲ್ಲಿನ ಪ್ಲಾಟ್‌ಫಾರ್ಮನ್ನು ದಾರದಲ್ಲಿ ಅಳೆದುಕೊಂಡು ಬಂದು ಅಷ್ಟೇ ಎತ್ತರಕ್ಕೆ ಕಟ್ಟಿಸಿದ್ದರಿಂದ ಅದು ಬಸ್ಸಿನ ಮೆಟ್ಟಿಲಿಗಿಂತ ಮೇಲಾಯಿತು. ಪ್ರಯಾಣಿಕರು ಮೂರು ಮೆಟ್ಟಿಲು ಹತ್ತಿ, ಅಲ್ಲಿಂದ ಬಸ್ಸಿನೊಳಕ್ಕೆ ಇಳಿಯಬೇಕಾಗಿತ್ತು. ಮುದುಕರು ಗೊಣಗುತ್ತಿದ್ದರು. "ರೈಲು ಬಂದಾಗ ಸರಿಹೋಯ್ತದೆ" ಅನ್ನುತ್ತಿದ್ದ ಅಪ್ಪ. ಅಲ್ಲಿಯವರೆಗೆ ನಮ್ಮಜ್ಜಿ ಒಂದನೇ ನಂಬರ್ ಪ್ಲಾಟ್‌ಫಾರ್ಮಿನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಎರಡನೇ ನಂಬರ್ ಇರಲಿಲ್ಲ.

ರೈಲು ಬರುತ್ತದೆ ಎಂಬುದಕ್ಕೆ ಅಪ್ಪನ ಬಳಿ ಆಧಾರವಿತ್ತು. ನಾನು ಹುಟ್ಟುವ ಮೊದಲು ಯಾರೋ ಸರ್ವೆಯವರು ಬಂದು ಊರಾಚೆ ನಾಲ್ಕು ಕಲ್ಲು ನೆಟ್ಟುಹೋಗಿದ್ದರು. ಅವು ಯಾತರ ಕಲ್ಲೆಂದು ಅವರು ಹೇಳಲಿಲ್ಲ, ಊರಿನವರು ಕೇಳಲಿಲ್ಲ. ರೈಲಿನದೆಂದು ಅಪ್ಪ ತೀರ್ಮಾನ ಮಾಡಿದ್ದ. ವರ್ಷಕ್ಕೊಮ್ಮೆ ನನ್ನನ್ನು ಕರೆದುಕೊಂಡು ಹೋಗಿ ನಾಲ್ಕೂ ಕಲ್ಲು ಇದ್ದಲ್ಲೇ ಇವೆಯೇ ಎಂದು ನೋಡಿಕೊಂಡು ಬರುತ್ತಿದ್ದ. ಮೂರನೆಯ ಕಲ್ಲಿಗೆ ಒಬ್ಬ ರೈತ ಎಮ್ಮೆ ಕಟ್ಟುತ್ತಿದ್ದ. ಅಪ್ಪ ಅವನಿಗೆ ಲಿಖಿತವಾಗಿ ಎಚ್ಚರಿಕೆ ಕೊಟ್ಟ. ರೈತನಿಗೆ ಓದಲು ಬರದೆ, ಅದನ್ನು ಓದಿಸಿಕೊಳ್ಳಲು ಅಪ್ಪನ ಹತ್ತಿರವೇ ಬಂದ. ಅಪ್ಪ ಗಟ್ಟಿಯಾಗಿ ಓದಿ ಹೇಳಿದ. ಇಬ್ಬರೂ ಎಲೆಯಡಿಕೆ ಹಾಕಿಕೊಂಡರು. ಎಮ್ಮೆ ಅಲ್ಲೇ ಇತ್ತು.

ಅಪ್ಪ ನನಗೆ ಆಟದ ಬದಲು ರೈಲಿನ ನಿಯಮಗಳನ್ನು ಕಲಿಸಿದ. ನಮ್ಮ ಲೈನು ಒಂಟಿ ಹಳಿಯದು. ಎದುರುಬದುರು ಎರಡು ಗಾಡಿ ಬಂದರೆ ಒಂದು ಗಾಡಿ ಸ್ಟೇಷನ್ನಿನಲ್ಲಿ ಪಕ್ಕದ ಹಳಿಗೆ ಸರಿದು ಕಾಯಬೇಕು, ಇನ್ನೊಂದು ಬಂದು ಸೇರುವವರೆಗೆ ಅಲ್ಲಾಡಕೂಡದು. ಎರಡು ಸ್ಟೇಷನ್ನುಗಳ ನಡುವೆ ಒಂದೇ ಹೊತ್ತಿನಲ್ಲಿ ಎರಡು ಗಾಡಿ ಇರುವಂತಿಲ್ಲ. ಕಡ್ಡಿಪೆಟ್ಟಿಗೆಗಳನ್ನು ಜಗಲಿಯ ಮೇಲೆ ಓಡಿಸಿ ಇದನ್ನು ನನಗೆ ಎಷ್ಟು ಸಲ ತೋರಿಸಿದ್ದನೆಂದರೆ, ಓಣಿಯಲ್ಲಿ ಎದುರಿಗೆ ಎತ್ತಿನ ಗಾಡಿ ಬಂದರೂ ನಾನು ಯಾರದಾದರೂ ಜಗಲಿ ಹತ್ತಿ ಕಾಯುತ್ತಿದ್ದೆ. ಈ ಕಡ್ಡಿಪೆಟ್ಟಿಗೆಗಳು ಮುಂದೆ ನನ್ನ ಕುತ್ತಿಗೆಗೆ ಬಂದವು, ಅದನ್ನು ಆಮೇಲೆ ಹೇಳುತ್ತೇನೆ.

ಬಸ್ಸು ಬುಡನ್ ಸಾಬರದು. ಮಾಲೀಕರೂ ಅವರೇ, ಡ್ರೈವರೂ ಅವರೇ, ಮೆಕ್ಯಾನಿಕ್ಕೂ ಅವರೇ. ಯುದ್ಧ ಬಂದು ಪೆಟ್ರೋಲು ಸಿಕ್ಕದಂತಾದಾಗ ಬಸ್ಸಿನ ಬೆನ್ನಿಗೊಂದು ಕಬ್ಬಿಣದ ಪೀಪಾಯಿ ಕಟ್ಟಿಸಿ, ಅದರೊಳಗೆ ಇದ್ದಿಲು ಉರಿಸಿ, ಆ ಹೊಗೆಯಲ್ಲಿ ಬಸ್ಸು ಓಡಿಸುತ್ತಿದ್ದರು. ಹೊರಡುವ ಮುಂಚೆ ಒಬ್ಬ ಆಳು ಪೀಪಾಯಿಗೆ ಗಾಳಿ ಹಾಕಬೇಕು. ಏರು ಬಂದರೆ ಗಂಡಸರು ಇಳಿದು ನಡೆಯಬೇಕು, ಇನ್ನೂ ಏರಾದರೆ ತಳ್ಳಬೇಕು. ಬೇರೆಯವರು ಅಪ್ಪನ ಬಾವುಟಕ್ಕೆ ನಗುತ್ತಿದ್ದರು, ಸಾಬರು ನಗಲಿಲ್ಲ. "ಟೇಸನ್ ಮಾಸ್ಟ್ರು ಬಾವ್ಟ ಬೀಸ್ದೆ ನನ್ ಗಾಡಿಗೆ ಗೇರೇ ಬೀಳಕಿಲ್ಲ" ಅನ್ನುತ್ತಿದ್ದರು. ಗೇರು ಬೀಳದಿರುವುದಕ್ಕೆ ಬೇರೆ ಕಾರಣಗಳೂ ಇದ್ದವು.

ಈಗ ನನ್ನ ವಿಷಯ. ನಾನು ಆಗ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕಟ್ಟಿದ್ದೆ. ಯುದ್ಧ ಇನ್ನೂ ನಡೆಯುತ್ತಿತ್ತು. ಪರೀಕ್ಷೆ ಬರೆಯಲು ಮಂಡ್ಯಕ್ಕೆ ಹೋಗಬೇಕು. ಪಾಸಾದರೆ ಮಂಡ್ಯದ ಪಕ್ಕದ ಗುತ್ತಲಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುವುದು, ಇಲ್ಲದಿದ್ದರೆ ಬಸರಾಳಿನ ಗಂಡು. ಇದು ನಮ್ಮಜ್ಜಿಗೂ ಅಪ್ಪನಿಗೂ ಆದ ಕರಾರು. ಬಸರಾಳಿನವರು ಎರಡು ಸಲ ಬಂದು ನೋಡಿಹೋಗಿದ್ದರು. ಹುಡುಗನನ್ನು ನಾನು ನೋಡಿರಲಿಲ್ಲ. ಅವರಿಗೆ ಹಿಡಿಸಿದ್ದು ನಾನಲ್ಲ, ಗೂಟಕ್ಕೆ ನೇತುಹಾಕಿದ್ದ ಅಪ್ಪನ ಟೋಪಿ.

"ಎಣ್ಣುಮಗ್ಳಿಗೆ ಲೆಕ್ಕ ಯಾತುಕ್ಲಾ? ರಾಗಿ ಅಳ್ಯಕ್ಕೆ ಬಂದ್ರೆ ಸಾಲ್ದಾ?" ಎಂದು ಅಜ್ಜಿ ಅಪ್ಪನನ್ನು ದಿನಾ ಕೇಳುತ್ತಿದ್ದಳು.

"ಒಂದ್ಸಲ ಬರೀಲಿ ಕಣವ್ವ" ಅನ್ನುತ್ತಿದ್ದ ಅಪ್ಪ.

"ಒಂದೇ ಸಲ. ಮಾತು ಅಂದ್ರೆ ಮಾತು. ಆಮೇಲೆ ಟೈಮು ಗೀಮು ಅನ್ಬ್ಯಾಡ" ಅನ್ನುತ್ತಿದ್ದಳು ಅಜ್ಜಿ.

ನನಗೆ ಓದಬೇಕೆಂಬ ಆಸೆ ತುಂಬ ಇತ್ತು. ಯಾಕೆ ಎಂದು ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಬಸರಾಳಿನ ಮೇಲೆ ನನಗೆ ಸಿಟ್ಟೇನೂ ಇಲ್ಲ, ಅಲ್ಲಿನ ದೇವಸ್ಥಾನ ಬಹಳ ಚೆನ್ನಾಗಿದೆ, ಆಮೇಲೆ ಹೋಗಿ ನೋಡಿದ್ದೇನೆ. ಆದರೆ ಆಗ ರಾತ್ರಿ ನಿದ್ದೆ ಬಾರದೆ, ಮಲಗಿದಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದೆ.

ಪರೀಕ್ಷೆ ಸೋಮವಾರ ಬೆಳಿಗ್ಗೆ. ಭಾನುವಾರ ಮಧ್ಯಾಹ್ನ ಎರಡರ ಬಸ್ಸು, ಮದ್ದೂರಿನಲ್ಲಿ ಸಂಜೆ ನಾಲ್ಕೂಕಾಲರ ರೈಲು, ದೀಪ ಹಚ್ಚುವ ಹೊತ್ತಿಗೆ ಗುತ್ತಲು. ಆ ರೈಲು ತಪ್ಪಿದರೆ ಮಾರನೆಯ ದಿನದ ಗಾಡಿ ಮಂಡ್ಯ ಸೇರುವ ಹೊತ್ತಿಗೆ ಪರೀಕ್ಷೆಯ ಬಾಗಿಲು ಹಾಕಿರುತ್ತದೆ. ಮಳವಳ್ಳಿಯಿಂದ ಮಂಡ್ಯಕ್ಕೆ ನೇರ ಹೋಗುತ್ತಿದ್ದ ಬಸ್ಸು ಪೆಟ್ರೋಲಿಲ್ಲದೆ ನಿಂತುಹೋಗಿತ್ತು. ನಿಂತಿರದಿದ್ದರೂ ಟೇಸನ್ ಮಾಸ್ಟ್ರ ಮಗಳು ರೈಲು ಬಿಟ್ಟು ಬೇರೆಯವರ ಬಸ್ಸಿನಲ್ಲಿ ಹೋಗುವ ಮಾತೇ ಇರಲಿಲ್ಲ.

ಆ ಭಾನುವಾರ ಅಪ್ಪ ಒಂಬತ್ತು ವರ್ಷದಲ್ಲಿ ಮೊದಲ ಸಲ ರಜ ಹಾಕಿದ, ನನ್ನನ್ನು ಬಿಟ್ಟು ಬರಲು. ಟೋಪಿ ಹಾಕಿಕೊಂಡ. ಎರಡು ಬಾವುಟಗಳನ್ನೂ ಸುತ್ತಿ ಕಂಕುಳಲ್ಲಿಟ್ಟುಕೊಂಡ, ಬೀಗ ಹಾಕಿದ ಆಫೀಸಿನಲ್ಲಿ ಸರ್ಕಾರಿ ಬಾವುಟ ಬಿಟ್ಟು ಹೋಗುವುದು ಸರಿಯಲ್ಲವೆಂದು. ಒಂದೂವರೆಗೇ ಬುಡನ್ ಸಾಬರು ಬಸ್ಸು ತಂದು ನಿಲ್ಲಿಸಿದರು. ಹತ್ತುವವರೆಲ್ಲ ಹತ್ತಿ ಆಗಿತ್ತು, ಅಂದರೆ ಅಪ್ಪನನ್ನು ಬಿಟ್ಟು, ನನ್ನನ್ನೂ ಸೇರಿಸಿ ಟಿಕೆಟ್ಟಿನವರು ಒಂಬತ್ತು ಜನ.

"ಈಗ್ಲೇ ಬಾವ್ಟ ತೋರ್ಸಿ ಮಾಸ್ಟ್ರೇ. ಇದ್ದಿಲು ಅಸಿ ಅದೆ, ದಾರೀಲಿ ಕೈಕೊಟ್ರೂ ಕೊಡ್ತದೆ. ಮಗಾ ಬೇರೆ ಪರೀಕ್ಸೆಗೆ ಓಗ್ಬೇಕು" ಎಂದರು ಸಾಬರು.

ಅಪ್ಪ ಕಿಟಕಿಯಲ್ಲಿ ಇಣುಕಿ ಗೋಡೆ ಗಡಿಯಾರ ನೋಡಿದ. "ಎರಡಕ್ಕೆ ಸಾಬ್ರೆ" ಅಂದ.

"ಹತ್ತೋರು ಇನ್ಯಾರೂ ಇಲ್ವಲ್ಲ!"

"ಎರಡಕ್ಕೆ ಗಾಡಿ ಅಂತ ನಂಬ್ಕೊಂಡು ಯಾರಾದ್ರೂ ಬಂದ್ರೆ? ಟೈಮಿಗೆ ಮುಂಚೆ ಗಾಡಿ ಬುಡೋದು ತಡ ಮಾಡೋದ್ಕಿಂತ ದೊಡ್ಡ ತಪ್ಪು. ನನ್ ಮಗಳು ಅಂತ ಬುಟ್ಟುಬುಟ್ರೆ ನಾಳೆ ಇನ್ನೊಬ್ಬರ ಮಗಳಿಗೆ ಏನೇಳಲಿ?"

ನಾವೆಲ್ಲ ಬಸ್ಸಿನೊಳಗೆ ಅರ್ಧ ಗಂಟೆ ಕೂತೆವು. ಎರಡಕ್ಕೆ ಸರಿಯಾಗಿ ಅಪ್ಪ ಕಂಬಿಗೆ ಎರಡೇಟು ಬಾರಿಸಿ, ಹಸಿರು ಬಾವುಟ ತೋರಿಸಿ, ತಾನು ತೋರಿಸಿದ ಬಾವುಟವನ್ನು ತಾನೇ ಸುತ್ತಿಕೊಂಡು ಬಸ್ಸಿನೊಳಕ್ಕೆ ಇಳಿದ. ಆ ಅರ್ಧ ಗಂಟೆಯಲ್ಲಿ ಯಾರೂ ಬಂದಿರಲಿಲ್ಲ.

ಕಾಳಮುದ್ದನದೊಡ್ಡಿಯ ಹತ್ತಿರ ಬಸ್ಸು ಕೆಮ್ಮಿತು, ನಿಂತಿತು. ಪೀಪಾಯಿಯಿಂದ ಹೊಗೆ ಬರುವ ಬದಲು ನೀರು ತೊಟ್ಟಿಕ್ಕುತ್ತಿತ್ತು. ಸಾಬರು ಒಳಗಿನ ಹಸಿ ಇದ್ದಿಲನ್ನೆಲ್ಲ ರಸ್ತೆಗೆ ಸುರಿದು, ದೊಡ್ಡಿಯಲ್ಲಿ ಯಾರದೋ ಮನೆಯಿಂದ ಒಣ ಇದ್ದಿಲು ತರಿಸಿ, ಹೊಸದಾಗಿ ಉರಿ ಹಾಕಿದರು. ಅಪ್ಪನೂ ಕೂತು ಗಾಳಿ ಹಾಕಿದ. ನಡುನಡುವೆ ಜೇಬಿನ ಗಡಿಯಾರವನ್ನು ತೆಗೆದು ನೋಡುವುದು, ಒಳಗಿಡುವುದು. ಸಾಬರು 'ನಾನಾಗ್ಲೇ ಏಳಿರ್ಲಿಲ್ವಾ' ಎಂದು ಅನ್ನಲಿಲ್ಲ. ಅನ್ನದೆ ಇದ್ದದ್ದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ. ಮತ್ತೆ ಹೊರಟಾಗ ಮುಕ್ಕಾಲು ಗಂಟೆ ಹೋಗಿತ್ತು.

ಮದ್ದೂರು ಎಂದಾಕ್ಷಣ ನೀವು ವಡೆಯನ್ನು ನೆನೆಸಿಕೊಳ್ಳುತ್ತೀರಿ. ಆ ದಿನ ನಮಗೆ ವಡೆ ತಿನ್ನಲು ಪುರುಸೊತ್ತಿರಲಿಲ್ಲ, ಆದ್ದರಿಂದ ಈ ಬರಹದಲ್ಲಿ ಅದು ಬರುವುದಿಲ್ಲ. ಬರುವುದು ರೈಲ್ವೆ ಗೇಟು. ಸ್ಟೇಷನ್ನಿಗೆ ಕೂಗಳತೆಯಲ್ಲಿ ನಮ್ಮ ರಸ್ತೆ ಹಳಿಯನ್ನು ದಾಟಬೇಕು. ನಾವು ಬರುವ ಹೊತ್ತಿಗೆ ಗೇಟು ಹಾಕಿತ್ತು. ಗೇಟಿನ ಕಾವಲುಗಾರ ಬೋರಯ್ಯ ಹಸಿರು ಬಾವುಟ ಹಿಡಿದು ನಿಂತಿದ್ದ. ಸ್ಟೇಷನ್ನಿನಿಂದ ಹೊರಟ ಮಂಡ್ಯದ ಗಾಡಿ ಶಿಳ್ಳೆ ಹಾಕಿ, ಇನ್ನೂ ವೇಗ ಹಿಡಿಯದೆ, ನಿಧಾನವಾಗಿ ನಮ್ಮ ಕಡೆಗೇ ಬರುತ್ತಿತ್ತು. ನನ್ನ ರೈಲು ನನ್ನ ಕಣ್ಣ ಮುಂದೆಯೇ ಹೋಗಲಿತ್ತು.

ನಾನು ಅಳಲು ಶುರುಮಾಡಿದೆ. ಅಪ್ಪ ನನ್ನನ್ನು ನೋಡಿದ. ಆಮೇಲೆ ಬಸ್ಸಿನಿಂದ ಇಳಿದು, ಗೇಟಿನ ಕೆಳಗೆ ನುಸುಳಿ, ಟೋಪಿ ಸರಿಮಾಡಿಕೊಂಡು, ಎರಡು ಹಳಿಗಳ ನಡುವೆ ಹೋಗಿ ನಿಂತು, ಕೆಂಪು ಬಾವುಟವನ್ನು ಬಿಚ್ಚಿ ಹಿಡಿದ.

ಒಂಬತ್ತು ವರ್ಷ ರೈಲು ಇಲಾಖೆಯಲ್ಲಿದ್ದ ಅಪ್ಪ ಅದಕ್ಕೆ ಮೊದಲು ಒಂದು ರೈಲಿಗೂ ಬಾವುಟ ತೋರಿಸಿರಲಿಲ್ಲ. ತೋರಿಸುವ ದಿನ ಬರುತ್ತದೆ, ಮಳವಳ್ಳಿಯ ಪ್ಲಾಟ್‌ಫಾರ್ಮಿನ ಮೇಲೆ ನಿಂತು ತೋರಿಸುತ್ತೇನೆ ಎಂದು ಕಾದಿದ್ದವನು. ಬಂದ ಮೊದಲನೆಯ ರೈಲಿಗೆ ಅವನು ತೋರಿಸಿದ್ದು ಕೆಂಪು.

"ಅಯ್ಯೋ, ಏನ್ ಸ್ವಾಮಿ ಇದು! ನಾನು ಅಸ್ರು ತೋರುಸ್ತಾ ಇವ್ನಿ!" ಎಂದು ಬೋರಯ್ಯ ಕೂಗಿಕೊಂಡ. ಆದರೆ ತನ್ನ ಹಸಿರನ್ನು ಇಳಿಸಲಿಲ್ಲ, ಇಳಿಸು ಎಂದು ಯಾರೂ ಹೇಳಿರಲಿಲ್ಲವಲ್ಲ. ಒಂದೇ ಗೇಟಿನಲ್ಲಿ ಒಬ್ಬ ಹಸಿರು, ಇನ್ನೊಬ್ಬ ಕೆಂಪು ಹಿಡಿದು ನಿಂತದ್ದನ್ನು ನೋಡಿ ಡ್ರೈವರು ಎರಡರಲ್ಲಿ ಕ್ಷೇಮವಾದದ್ದನ್ನು ಆರಿಸಿಕೊಂಡ. ಗಾಡಿ ಕಿರುಗುಟ್ಟಿ, ಅಪ್ಪನಿಂದ ಹತ್ತು ಮಾರು ದೂರದಲ್ಲಿ ನಿಂತಿತು. ಹಿಂದಿನಿಂದ ಗಾರ್ಡು ಓಡಿಬಂದರು.

"ಏನ್ರೀ ಅಪಾಯ? ಹಳಿ ಕಿತ್ತಿದೆಯಾ?"

"ಇಲ್ಲ ಸಾರ್. ಮಳವಳ್ಳಿ ಸ್ಟೇಷನ್ನಿನ ಟಿಕೆಟ್ಟಿನವರು ಒಂಬತ್ತು ಜನ ಇದಾರೆ. ಹತ್ತಿಸ್ಕೋಬೇಕು."

"ಮಳವಳ್ಳಿ ಸ್ಟೇಷನ್ನಾ?" ಎಂದರು ಗಾರ್ಡು. ಅವರು ಆ ಲೈನಿನಲ್ಲಿ ಎಷ್ಟೋ ವರ್ಷದಿಂದ ಓಡಾಡುತ್ತಿದ್ದವರು.

ಅವರು ಯೋಚಿಸುತ್ತಿರುವಷ್ಟರಲ್ಲಿ ಒಂಬತ್ತು ಜನರೂ ಹತ್ತಿ ಆಗಿತ್ತು. ಅಲ್ಲಿ ಪ್ಲಾಟ್‌ಫಾರ್ಮು ಇರಲಿಲ್ಲವಾದ್ದರಿಂದ ನೆಲದಿಂದ ಹತ್ತುವುದು ಕಷ್ಟ. ಅಪ್ಪನ ಪ್ಲಾಟ್‌ಫಾರ್ಮಿನ ಬೆಲೆ ಮಳವಳ್ಳಿಯವರಿಗೆ ಆ ದಿನ ಗೊತ್ತಾಯಿತು. ನಮ್ಮ ಬಸ್ಸಿನಲ್ಲೇ ಇದ್ದ ಕೊತ್ತತ್ತಿಯ ನಿಂಗಮ್ಮ ಮೊದಲು ತನ್ನ ಕೋಳಿ ಬುಟ್ಟಿಯನ್ನು, ಆಮೇಲೆ ನನ್ನನ್ನು ಒಳಕ್ಕೆ ಎಳೆದುಕೊಂಡಳು. ಅಪ್ಪ ಹತ್ತಲಿಲ್ಲ. ಗಾಡಿ ನಿಲ್ಲಿಸಿದವನು ಅಲ್ಲೇ ಇದ್ದು ಹೇಳಿಕೆ ಕೊಡಬೇಕೆಂಬ ನಿಯಮ ಅವನಿಗೆ ಗೊತ್ತಿತ್ತು. ಎಲ್ಲರೂ ಹತ್ತಿದರೆಂದು ನೋಡಿಕೊಂಡು, ಹಳಿಯಿಂದ ಪಕ್ಕಕ್ಕೆ ಸರಿದು, ಕೆಂಪನ್ನು ಸುತ್ತಿ, ಹಸಿರನ್ನು ತೆಗೆದು ತೋರಿಸಿದ. ಗಾಡಿ ಹೊರಟಿತು. ಕಿಟಕಿಯಲ್ಲಿ ಅವನ ಮುಖ ಹಾದುಹೋಯಿತು. ಅಷ್ಟು ನಾಚಿಕೆಪಟ್ಟ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಅತ್ರೆ ಏನ್ ಬಂದದು ಕಣಮ್ಮ? ನಿಮ್ಮಪ್ಪ ರೈಲನ್ನೇ ನಿಲ್ಲುಸ್ದ. ನೀನು ಪಾಸ್ ಮಾಡ್ಬುಡು, ಸರೋಯ್ತದೆ" ಎಂದಳು ನಿಂಗಮ್ಮ. ಮಂಡ್ಯದಲ್ಲಿ ಇಳಿದು ಗುತ್ತಲಿನ ಅತ್ತೆಯ ಮನೆಯವರೆಗೂ ಬಂದು ಬಿಟ್ಟುಹೋದಳು.

ಸೋಮವಾರ ಮೊದಲನೆಯದೇ ಲೆಕ್ಕದ ಪೇಪರು. ಪ್ರಶ್ನೆಪತ್ರಿಕೆ ಬಿಡಿಸಿದರೆ ಮೊದಲನೆಯ ಪ್ರಶ್ನೆ ಹೀಗಿತ್ತು: ಅರವತ್ತು ಮೈಲಿ ದೂರದ ಎರಡು ಊರುಗಳಿಂದ ಎರಡು ರೈಲುಗಳು ಒಂದೇ ಹೊತ್ತಿಗೆ ಎದುರುಬದುರಾಗಿ ಹೊರಡುತ್ತವೆ. ಒಂದರ ವೇಗ ಗಂಟೆಗೆ ಹದಿನೈದು ಮೈಲಿ, ಇನ್ನೊಂದರದು ಇಪ್ಪತ್ತೈದು. ಎಷ್ಟು ಹೊತ್ತಿನಲ್ಲಿ ಸಂಧಿಸುತ್ತವೆ?

ಉತ್ತರ ಒಂದೂವರೆ ಗಂಟೆ. ನನಗೆ ಗೊತ್ತಿತ್ತು. ದಯವಿಟ್ಟು ಇದನ್ನು ನಂಬಿ. ಬರೆಯಲು ಪೆನ್ನನ್ನೂ ಊರಿದ್ದೆ. ಆದರೆ ಅಪ್ಪನ ಆ ಮುಖ ನೆನಪಾಯಿತು. ನನಗೋಸ್ಕರ ನಿನ್ನೆ ತಾನೆ ಒಂದು ನಿಯಮ ಮುರಿದುಬಂದಿದ್ದಾನೆ. ಇವತ್ತು ನಾನು ಇನ್ನೊಂದನ್ನು ಮುರಿದು ಎರಡು ಗಾಡಿಗಳನ್ನು ಹೊಲದ ನಡುವೆ ಡಿಕ್ಕಿ ಹೊಡೆಸುವುದೆ? ನಾನು ಬರೆದೆ: 'ಸಂಧಿಸಕೂಡದು.' ಆಮೇಲೆ ಕಾರಣಗಳನ್ನು ಬರೆದೆ. ಒಂಟಿ ಹಳಿಯ ನಿಯಮ, ಮುಂದಿನ ಸ್ಟೇಷನ್ನಿನಿಂದ ದಾರಿ ಖಾಲಿಯಿದೆಯೆಂದು ತಿಳಿಯದೆ ಗಾಡಿ ಬಿಡಬಾರದೆಂಬುದು, ಯಾವ ಗಾಡಿ ಪಕ್ಕದ ಹಳಿಗೆ ಸರಿಯಬೇಕು, ಅದಕ್ಕೆ ಯಾರು ಯಾವ ಬಾವುಟ ತೋರಿಸಬೇಕು. ಮೂರು ಪುಟವಾಯಿತು. ಕೊನೆಗೆ ಒಂದು ನಕ್ಷೆಯನ್ನೂ ಹಾಕಿ, ಎರಡು ಗಾಡಿಗಳನ್ನೂ ಕ್ಷೇಮವಾಗಿ ಊರು ಸೇರಿಸಿದೆ. ತಲೆಯೆತ್ತಿದರೆ ಗಂಟೆ ಬಾರಿಸುತ್ತಿದ್ದರು. ಉಳಿದ ಲೆಕ್ಕಗಳನ್ನು ನಾನು ಓದಿಯೂ ಇರಲಿಲ್ಲ.

ಇತ್ತ ಮದ್ದೂರಿನಲ್ಲಿ ಏನಾಯಿತೆಂಬುದನ್ನು ಬುಡನ್ ಸಾಬರು ಮುಂದೆ ಎಷ್ಟೋ ವರ್ಷ ಬಸ್ಸು ಕೆಟ್ಟು ನಿಂತಾಗಲೆಲ್ಲ ಹೇಳುತ್ತಿದ್ದರು, ಹಾಗಾಗಿ ನಾವು ಬಹಳ ಸಲ ಕೇಳಿದ್ದೇವೆ. ಸ್ಟೇಷನ್ನಿನಲ್ಲಿ ಅಪ್ಪನ ಕೈಗೆ ಒಂದು ಫಾರಂ ಕೊಟ್ಟರಂತೆ. ಪಕ್ಕದಲ್ಲಿ ನಿಂತಿದ್ದ ಬೋರಯ್ಯ ಪಿಸುಗುಟ್ಟಿದನಂತೆ: "ಎತ್ತು ಅಡ್ಡ ಬಂತು ಅಂತ ಬರ್ದುಬುಡಿ ಸ್ವಾಮಿ. ನಾನೂ ಊಂ ಅಂತೀನಿ. ಬೇಕಂದ್ರೆ ನನ್ನೆತ್ತೇ ತಂದು ತೋರುಸ್ತೀನಿ."

"ಇಲ್ದಿದ್ ಎತ್ತನ್ನ ಸರ್ಕಾರದ ಕಾಗದದ ಮೇಲೆ ಎಂಗ್ ಬರೀಲಿ ಬೋರಯ್ಯ?" ಎಂದನಂತೆ ಅಪ್ಪ.

ಅವನು ಬರೆದ ಹೇಳಿಕೆಯ ನಕಲು ನಮ್ಮ ಮನೆಯಲ್ಲಿ ಬಹಳ ಕಾಲ ಇತ್ತು. 'ಗಾಡಿ ನಿಲ್ಲಿಸಲು ಕಾರಣವಾದ ಅಪಾಯ' ಎಂಬುದರ ಮುಂದೆ, 'ಮಗಳ ಲೋಯರ್ ಸೆಕೆಂಡರಿ ಪರೀಕ್ಷೆ.' 'ಅಪಾಯ ನಿವಾರಣೆಯಾದ ಬಗೆ' ಎಂಬುದರ ಮುಂದೆ, 'ಗಾಡಿ ಹತ್ತಿದಳು.' 'ತಪ್ಪಿತಸ್ಥರು ಯಾರು' ಎಂಬಲ್ಲಿ ತನ್ನ ಹೆಸರು ಬರೆದು, ಬಸ್ಸನ್ನು ಅರ್ಧ ಗಂಟೆ ಮುಂಚೆ ಬಿಡಲು ತಾನೇ ಒಪ್ಪಲಿಲ್ಲವೆಂದೂ, ಈಗ ಕೇಳಿದರೂ ಒಪ್ಪುವುದಿಲ್ಲವೆಂದೂ ಸೇರಿಸಿದ್ದ. ಕೆಂಪು ಬಾವುಟವನ್ನು ಸಾಕ್ಷಿಯೆಂದು ಕಡತದ ಜೊತೆ ಇಟ್ಟುಕೊಂಡರು. ಅದು ತಿರುಗಿ ಬರಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಮಳವಳ್ಳಿಯ ಏಜೆನ್ಸಿಯನ್ನು ಮುಚ್ಚಲಾಗಿದೆ, ಸಾಮಾನುಗಳನ್ನು ಒಪ್ಪಿಸತಕ್ಕದ್ದು ಎಂಬುದು ಒಂದು. ನಾನು ಲೆಕ್ಕದಲ್ಲಿ ಫೇಲು ಎಂಬುದು ಇನ್ನೊಂದು.

ಅಪ್ಪ ಪ್ರಶ್ನೆಪತ್ರಿಕೆ ಕೊಡು ಎಂದ. ಕೊಟ್ಟೆ. ನಾನು ಏನು ಬರೆದೆ ಎಂಬುದನ್ನು ಅಳುತ್ತಾ ಹೇಳಿದೆ. ಅವನು ಮೊದಲನೆಯ ಪ್ರಶ್ನೆಯನ್ನು ಮೂರು ಸಲ ಓದಿದ.

"ಒಂಟಿ ಹಳಿಯೋ ಜೋಡಿಯೋ, ಏಳವ್ರಾ?"

"ಇಲ್ಲ ಕಣಪ್ಪ."

"ಏಳಿಲ್ಲ ಅಂದ್ಮೇಲೆ ಒಂಟಿ ಅಂತ್ಲೇ ತಿಳ್ಕೋಬೇಕು. ನೀನು ಬರ್ದಿರೋದು ಸರಿಯಾಗದೆ ಮಗಾ" ಎಂದ. ಪ್ರಶ್ನೆಪತ್ರಿಕೆಯನ್ನು ಮಡಿಸಿ ನನ್ನ ಕೈಗಿಟ್ಟು, ಖಾಲಿ ಆಫೀಸಿನೊಳಗೆ ಹೋಗಿ ಕೂತ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಯಾವುದಕ್ಕಾಗಿ ಅವನು ಟೋಪಿ ಕಳೆದುಕೊಂಡನೋ ಅದನ್ನು ನಾನು ಮೂರು ಪುಟ ಬರೆದು ಹಾಳುಮಾಡಿದ್ದೆ. ಅಂಥ ದುಃಖ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ಆಗಬೇಕಾದ ಸಂದರ್ಭಗಳು ಬಂದಾಗಲೂ.

ಕರಾರಿನ ಪ್ರಕಾರ ಅಜ್ಜಿ ಬಸರಾಳಿಗೆ ಹೇಳಿಕಳಿಸಿದಳು. ಬಸರಾಳಿನವರು ಈ ವರ್ಷ ಹುಡುಗನಿಗೆ ಗ್ರಹಬಲ ಸಾಲದು ಎಂದು ಹೇಳಿಕಳಿಸಿದರು. ಗೂಟದ ಮೇಲೆ ಟೋಪಿ ಇಲ್ಲದ್ದು ಅವರಿಗೂ ಗೊತ್ತಾಗಿತ್ತು. ಹೀಗೆ ನಾನು ಫೇಲಾದದ್ದರಿಂದ ಆಗಬೇಕಾಗಿದ್ದ ಮದುವೆ, ಅಪ್ಪನ ಕೆಲಸ ಹೋದದ್ದರಿಂದ ನಿಂತುಹೋಯಿತು. "ಸುಮ್ಕೆ ಮನೇಲಿ ಕೂತು ಏನ್ ಮಾಡದು, ಇನ್ನೊಂದ್ಸಲ ಬರ್ಕೊಳ್ಳಿ ಬುಡು" ಎಂದಳು ಅಜ್ಜಿ. ಅಪ್ಪ ಎಲೆ ಮಂಡಿಯಲ್ಲಿ ಕಾಗದ ಬರೆಯುವ ಕೆಲಸಕ್ಕೆ ಸೇರಿದ.

ಸಾಮಾನು ಒಪ್ಪಿಸುವ ಪಟ್ಟಿಯನ್ನು ಅಪ್ಪ ತಾನೇ ದುಂಡಗೆ ಬರೆದ. ಟೋಪಿ, ಗಡಿಯಾರ, ಯಂತ್ರ, ತಕ್ಕಡಿ, ದೀಪ, ಕಂಬಿ ತುಂಡು ಎಲ್ಲವನ್ನೂ ಒರೆಸಿ ಬುಡನ್ ಸಾಬರ ಬಸ್ಸಿಗೆ ಹಾಕಿ, ಪಟ್ಟಿಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ. ಹಸಿರು ಬಾವುಟದ ಎದುರಿಗೆ 'ಇಲಿ ತಿಂದು ಹಾಳಾಗಿದೆ' ಎಂದಿತ್ತು. ಸಾಬರು ಅಪ್ಪನ ಮುಖ ನೋಡಿ, ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನಮ್ಮ ಮನೆಯಲ್ಲಿ ಅಜ್ಜಿಯ ಬೆಕ್ಕು ಇತ್ತು, ಇಲಿ ಇರಲಿಲ್ಲ.

ಮಾರನೆಯ ವರ್ಷ ಪರೀಕ್ಷೆಗೆ ಹೊರಟ ಭಾನುವಾರ ಮಧ್ಯಾಹ್ನ ಅವ್ವ ಮತ್ತು ನಾನು ಬಸ್ಸಿಗೆ ಹತ್ತಿ ಕೂತೆವು. ಆ ಸಲ ನಾನು ಪಾಸಾದೆ. ಮುಂದೆ ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ, ರೈಲಿನ ಲೆಕ್ಕ ಬಂದಾಗ ಜೋಡಿ ಹಳಿ ಎಂದು ಮೊದಲೇ ಹೇಳಿಬಿಡುತ್ತಿದ್ದೆ. ಆದರೆ ಅದೆಲ್ಲ ಆಮೇಲಿನದು. ಆ ಮಧ್ಯಾಹ್ನ ಅಪ್ಪ ನಮ್ಮ ಜೊತೆ ಹೊರಡಲಿಲ್ಲ. ಬಸ್ಸು ಹಳೆಯ ರೂಢಿಯಂತೆ ಪ್ಲಾಟ್‌ಫಾರ್ಮಿಗೆ ಒರಗಿ ನಿಂತಿತ್ತು. ಅಪ್ಪ ಒಳಗಿನಿಂದ ಬಂದ. ಬರಿತಲೆ. ಪ್ಲಾಟ್‌ಫಾರ್ಮಿನ ಮೇಲೆ ನಿಂತು, ಅಂಗಿಯ ಒಳಗಿನಿಂದ ಏನನ್ನೋ ತೆಗೆದು ಬಿಡಿಸಿದ. ಹಸಿರು ಬಾವುಟ. ಎತ್ತಿ ತೋರಿಸಿದ.

ಬುಡನ್ ಸಾಬರು ತಲೆ ಹೊರಗೆ ಹಾಕಿ, "ಇನ್ನೂ ಒಂದೂವರೆ ಮಾಸ್ಟ್ರೇ! ಟೈಮಿಗೆ ಅರ್ಧ ಗಂಟೆ ಅದೆ" ಎಂದರು.

"ಇಲಿ ತಿಂದಿರೋ ಬಾವ್ಟಕ್ಕೆ ಟೈಮೇನ್ ಬಂತು ಸಾಬ್ರೆ" ಎಂದ ಅಪ್ಪ. "ಬುಡಿ ಗಾಡೀನ."